ಚಾವಣಿಗೆ ಕಟ್ಟಿದ ಟ್ರೈಲರ್

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಗ್ಯಾರೇಜಿನಲ್ಲಿ ಕಾರಿಗೆ ಜಾಗ ಸಾಲದೆ, ಹಳೆಯ ಟ್ರೈಲರನ್ನು ಚಾವಣಿಗೆ ನೇತುಹಾಕಿದೆವು. ಅಕ್ಕನ ಗಂಡ ಮೆಕ್ಯಾನಿಕ್. ರಾಟೆಯ ಹಗ್ಗದ ಒಂದು ತುದಿಗೆ ಟ್ರೈಲರ್, ಇನ್ನೊಂದಕ್ಕೆ ಅಷ್ಟೇ ತೂಕದ ಮರಳುಮೂಟೆಗಳನ್ನು ಕಟ್ಟಿ, "ಇನ್ನು ಒಂದು ಬೆರಳಲ್ಲಿ ತಳ್ಳಿದ್ರೂ ಮೇಲೆ ಹೋಗುತ್ತೆ, ನೋಡ್ತಿರು," ಎಂದು ಮೀಸೆ ತಿರುವಿದರು.

ಮರುದಿನ ಅದು ಕಾರಿನ ನೆತ್ತಿಗೆ ತಾಗುವಷ್ಟು ಇಳಿದಿತ್ತು. ಏಣಿ ಹತ್ತಿ ನೋಡಿದರೆ ಒಳಗೆ ಏನೂ ಇಲ್ಲ. ಮುಟ್ಟಿದರೆ ಹಲಗೆ ಮಾತ್ರ ಒಂದು ಕಡೆ ಬೆಚ್ಚಗಿತ್ತು, ಯಾರೋ ಬಹಳ ಹೊತ್ತು ಕೂತಿದ್ದ ಕುರ್ಚಿಯ ಹಾಗೆ.

"ಮರಳು ಒಣಗಿ ಹಗುರಾಗಿರ್ಬೇಕು ಭಾವ," ಎಂದೆ.

"ನಾನು ತುಂಬಿದ್ದೇ ಒಣ ಮರಳು ಕಣೋ." ಅವರು ಇನ್ನೊಂದು ಮೂಟೆ ಕಟ್ಟಿದರು. ಟ್ರೈಲರ್ ಮೇಲೇರಿ ನಿಂತಿತು. ಹಗ್ಗ ಮಾತ್ರ ಉಸಿರಾಡುವ ಹಾಗೆ ಕಿರುಗುಟ್ಟುತ್ತಲೇ ಇತ್ತು.

ನಿನ್ನೆ ಬೆಳಗ್ಗೆ ಗ್ಯಾರೇಜಿನಲ್ಲಿ ದಡಾರೆಂದು ಸದ್ದಾಯಿತು. ಓಡಿದೆವು. ಟ್ರೈಲರ್ ಚಾವಣಿಗೆ ಬಡಿದು ನಿಂತಿತ್ತು, ಮೂಟೆಗಳು ನೆಲ ಮುಟ್ಟಿದ್ದವು.

"ಕೂತಿದ್ದು ಇಳಿದುಬಿಟ್ಟಿದೆ ಕಣೋ," ಎಂದರು ಭಾವ, ಗ್ಯಾರೇಜಿನಿಂದ ಮನೆಯೊಳಗೆ ಹೋಗುವ ಬಾಗಿಲು ನೋಡುತ್ತ. ಅದು ತೆರೆದೇ ಇತ್ತು.

ಊಟದ ಮೇಜಿನ ಬಳಿ ಯಾರೂ ಕೂರದ ಒಂದು ಕುರ್ಚಿಯಿದೆ. ನಿನ್ನೆಯಿಂದ ನಾವಿಬ್ಬರೂ ಸೇರಿ ಎಳೆದರೂ ಅದು ಅಲುಗುತ್ತಿಲ್ಲ.