ಕಲ್ಮೇಶನ ಸಾಲು

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದ ತಂಡದ ಮುಖ್ಯಸ್ಥೆ ಲತಾ ಗೋಡೆಯ ಕೆಲಸದ ಬೋರ್ಡಿನ ಮುಂದೆ ನಿಂತುಬಿಟ್ಟಳು. ಕಲ್ಮೇಶನ ಸಾಲಿನ ಹಳದಿ ಚೀಟಿಯೊಂದು 'ನಡೆಯುತ್ತಿದೆ' ಅಂಕಣದಿಂದ 'ಮುಗಿದಿದೆ'ಗೆ ಸರಿದಿತ್ತು. ಕಲ್ಮೇಶ ಹೃದಯಾಘಾತದಿಂದ ತೀರಿಕೊಂಡು ಹದಿನೆಂಟು ದಿನವಾಗಿತ್ತು.

ಹೀಗೆ ಸರಿದದ್ದು ಇದು ಮೂರನೆಯ ಚೀಟಿ.

ರಾಜಾಜಿನಗರದ ಆ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ಹೆಸರಿಗೆ ಒಂದು ಹೊತ್ತಿಗೆ ಎರಡೇ ಕೆಲಸ, ಎರಡೇ ಚೀಟಿ. ಯಾರ ಮೇಲೂ ಹೊರೆ ಬೀಳದಿರಲಿ ಎಂದು ಆ ನಿಯಮ ತಂದವಳು ಲತಾಳೇ. ಕಲ್ಮೇಶನ ಹೆಸರು ಅಳಿಸಲು ಮಾತ್ರ ಯಾರಿಗೂ ಮನಸ್ಸು ಬಂದಿರಲಿಲ್ಲ.

ತಂಡದ ತರಲೆ ಯಶ್ವಂತನನ್ನು ಕರೆದು ಕೇಳಿದಳು.

"ನಾನಲ್ಲ ಮೇಡಂ. ಅವನ ವಿಷ್ಯದಲ್ಲಿ ತಮಾಷೆ ಮಾಡ್ತೀನಾ? ನಂಗೇ ಆ ಬೋರ್ಡ್ ಕಡೆ ಹೋಗಕ್ಕೆ ಭಯ."

ಅವನ ಕಣ್ಣು ತುಂಬಿತ್ತು. ಅನುಮಾನಪಟ್ಟಿದ್ದಕ್ಕೆ ಲತಾಗೆ ನಾಚಿಕೆಯಾಯಿತು.

*

ಚೀಟಿಯಲ್ಲಿದ್ದ ಕೆಲಸವನ್ನು ಕಂಪ್ಯೂಟರಿನಲ್ಲಿ ತೆರೆದಳು. ಅಚ್ಚುಕಟ್ಟಾಗಿ ಮುಗಿದಿತ್ತು. ಮಾಡಿದ್ದು ಕಲ್ಮೇಶನ ಲಾಗಿನ್‌ನಿಂದಲೇ. ಆದರೂ ಪಾಸ್‌ವರ್ಡ್ ಹಾಕಿ ದುಡಿಯುವ ದೆವ್ವದ ಬಗ್ಗೆ ಅವಳು ಕೇಳಿರಲಿಲ್ಲ.

ಉಳಿದ ಸಾಲುಗಳನ್ನು ನೋಡಿದಳು. ಇಂಚರಾಳ ಎರಡೂ ಚೀಟಿ ಹನ್ನೆರಡು ದಿನದಿಂದ ಕದಲಿರಲಿಲ್ಲ. ಕಳೆದ ವರ್ಷ ಸೇರಿದ ಮೂಡಲಪಾಳ್ಯದ ಹುಡುಗಿ, ಕೆಲಸಕ್ಕೆ ಕೂತರೆ ಕುರ್ಚಿ ಬಿಟ್ಟು ಏಳುವವಳಲ್ಲ. ಈಗ ತಿಂಡಿ ಡಬ್ಬಿಯ ಮುಂದೆ ತೂಕಡಿಸುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಕೊನೆಯ ವಾರ ಕಲ್ಮೇಶನೂ ಹೀಗೇ ಕಾಣುತ್ತಿದ್ದ. ಇವಳನ್ನೂ ಕಳೆದುಕೊಳ್ಳುತ್ತೇವೇನೋ ಎಂದು ಲತಾಗೆ ದಿಗಿಲಾಯಿತು.

*

ಮ್ಯಾನೇಜರ್ ಗಿರಿರಾಜನನ್ನು ಎಲ್ಲರೆದುರು ಬೋರ್ಡಿನ ಮುಂದೆಯೇ ಕೇಳಿದಳು.

"ಕಲ್ಮೇಶನ ಲಾಗಿನ್ ಯಾಕೆ ಮುಚ್ಚಿಸಿಲ್ಲ ಸಾರ್?"

"ಮರ್ತೆ."

"ಅದನ್ನ ಮುಚ್ಚಿಸೋ, ಪಾಸ್‌ವರ್ಡ್ ಬದಲಿಸೋ ಅಧಿಕಾರ ನಿಮಗೊಬ್ರಿಗೇ. ಆಫೀಸಿನ ಬೀಗದಕೈನೂ ನಿಮ್ಹತ್ರಾನೇ ಇರೋದು. ಇಂಚರಾ ದಿನವಿಡೀ ದುಡೀತಾಳೆ, ಅವಳ ಚೀಟಿ ಅಲ್ಲಾಡಲ್ಲ. ಸತ್ತವನ ಚೀಟಿ ಓಡುತ್ತೆ. ಆ ಕೆಲಸ ಅವಳ ಕೈಲಿ ಮಾಡಿಸಿ, ನಾವು ಬರೋಕ್ಮುಂಚೆ ಚೀಟಿ ಸರಿಸ್ತಾ ಇರೋದು ನೀವು."

"ಕೆಲಸ ಖಾಯಂ ಆಗ್ಬೇಕಂದ್ರೆ ಬಾಯಿ ಬಿಡಬೇಡ ಅಂದಿದ್ರು," ಇಂಚರಾ ಮೆಲ್ಲಗೆ ಹೇಳಿದಳು.

ಗಿರಿರಾಜನ ದನಿ ಏರಲಿಲ್ಲ. "ನಿಯಮ ಎಲ್ಲಿ ಮುರಿದೆ? ಒಂದು ಹೆಸರಿಗೆ ಎರಡು. ನೀವೇ ಮಾಡಿದ್ದು. ನಿಮ್ಮ ಹೆರಿಗೆ ರಜೆಲೂ ನಿಮ್ಮ ಹೆಸರು ಬೋರ್ಡಲ್ಲೇ ಇತ್ತಲ್ಲ. ಹೋದ ತಿಂಗಳು ವಾಪಸ್ ಬಂದಾಗ ಒಂದೂ ಕೆಲಸ ಬಾಕಿ ಇಲ್ಲ ಅಂತ ಥ್ಯಾಂಕ್ಸ್ ಹೇಳಿದ್ರಿ."

ಲತಾ ಬೋರ್ಡಿನಲ್ಲಿದ್ದ ತನ್ನ ಹೆಸರಿನತ್ತ ತಿರುಗಿದಳು.

"ಯಾರು ಮಾಡಿದ್ದು ಅದನ್ನ?"

ಉತ್ತರ ಕೊಟ್ಟವಳು ಇಂಚರಾ.

"ಕಲ್ಮೇಶಣ್ಣ. ಅವ್ರ ಎರಡರ ಜೊತೆ ನಿಮ್ಮೆರಡೂ. ಗೊತ್ತಾದ್ರೆ ಪಾಪು ಬಿಟ್ಟು ಓಡಿ ಬಂದ್ಬಿಡ್ತಾರೆ, ಲತಕ್ಕಂಗೆ ಹೇಳ್ಬೇಡ ಅಂದಿದ್ರು."