ಸದ್ದಿನ ಮರೆಯಲ್ಲಿ

ಸುಟ್ಟ ರಬ್ಬರಿನ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಟೀಚರಿಗೆ ಮಾತ್ರ ಅದು ಅಪ್ಪನ ವಾಸನೆ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟೊಡನೆ ಅಪ್ಪನ ಗ್ಯಾರೇಜಿಗೆ ಓಡುತ್ತಿದ್ದಳು. ಟ್ಯೂಬಿಗೆ ತೇಪೆ ಕೂರಿಸಿ ಬಿಸಿ ಮಾಡುವಾಗ ಏಳುತ್ತಿದ್ದ ಘಾಟು, ಅದರೊಳಗೆ ಚೂರು ಪೆಟ್ರೋಲು, ಕೈ ಒರೆಸುವ ಬಟ್ಟೆಯ ಗ್ರೀಸು. ಅಪ್ಪನ ಅಂಗಿ ತೋಳಿಗೆ ಮೂಗು ಒತ್ತಿ ನಿಂತರೆ ಶಾಲೆಯಲ್ಲಿ ಬೈಸಿಕೊಂಡದ್ದೆಲ್ಲ ಮರೆತುಹೋಗುತ್ತಿತ್ತು.

ಈಗ ಅಪ್ಪನೂ ಇಲ್ಲ, ಗ್ಯಾರೇಜೂ ಇಲ್ಲ. ಆ ವಾಸನೆ ಸಿಗುವುದು ವರ್ಷಕ್ಕೊಂದು ಸಲ, ಕಾರು ರೇಸಿನ ದಿನ, ತಿರುವಿನ ಎದುರು ಪ್ರೇಕ್ಷಕರು ಕೂರುವ ಈ ಸ್ಟ್ಯಾಂಡಿನಲ್ಲಿ.

ಎಂಜಿನ್‌ಗಳ ನಡುವೆಯೇ ಬದುಕಿದ ಅಪ್ಪನಿಗೆ ಕಿವಿ ಬೇಗ ಕೈಕೊಟ್ಟಿತ್ತು. ಆದರೂ ವರ್ಷ ತಪ್ಪದೆ ಮಗಳನ್ನು ಕರೆದುಕೊಂಡು ಇಲ್ಲಿಗೆ ಬರುತ್ತಿದ್ದರು. ಬೆಂಚಿನ ಹಲಗೆಯ ಮೇಲೆ ಅಂಗೈ ಊರಿ ಕೂತು, ಅವಳಿಗೆ ಸದ್ದು ಕೇಳುವ ಮೊದಲೇ "ಬಂತು ನೋಡು" ಎನ್ನುತ್ತಿದ್ದರು. ಬಂದೇ ಬರುತ್ತಿತ್ತು. ಅಪ್ಪನಿಗಾಗಿಯೇ ಇರಬೇಕು, ಅವಳು ಮುಂದೆ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರಾದಳು. ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಮಕ್ಕಳಿಗೆ ಕಲಿಸುತ್ತ ಕಲಿಸುತ್ತ ತಾನೂ ಅದರಲ್ಲಿ ಪಳಗಿಬಿಟ್ಟಳು.

ಹಾಗೆ ನೋಡಿದರೆ ಇಲ್ಲಿ ಬಂದು ಕೂತವರಿಗೆ ರೇಸು ಕಾಣುವುದೇ ಕಡಿಮೆ. ಎಡಗಡೆ ಮರಗಳ ಹಿಂದೆ ಸದ್ದು ಏಳುತ್ತದೆ, ಬಣ್ಣವೊಂದು ತಿರುವಿನಲ್ಲಿ ಹೊರಳುತ್ತದೆ, ಹೋಯಿತು. ಮಿಕ್ಕ ಹೊತ್ತೆಲ್ಲ ಕಾಯುವುದೇ. ಮನೆಯಲ್ಲಿ ಟೀವಿ ಹಾಕಿಕೊಂಡು ಕಾಲು ಚಾಚಿ ಪೂರ್ತಿ ನೋಡಬಹುದಲ್ಲ ಎಂದು ತಂಗಿ ಫೋನಿನಲ್ಲಿ ಪ್ರತಿ ವರ್ಷ ಹೇಳುತ್ತಾಳೆ. ಈ ಸಲ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದ್ದಳು.

"ಅಕ್ಕಾ, ನಿಜ ಹೇಳು. ನೀನು ಹೋಗೋದು ರೇಸ್ ನೋಡೋದಕ್ಕಾ, ಪಕ್ಕದ ಸೀಟು ನೋಡೋದಕ್ಕಾ?"

"ಪಕ್ಕದ ಸೀಟು ಅಲ್ಲಾಡಲ್ಲ ಕಣೇ. ನೋಡೋದಕ್ಕೆ ಸುಲಭ."

ತಂಗಿ ನಕ್ಕಳು. ಫೋನು ಇಟ್ಟ ಮೇಲೆ ಟೀಚರ ಮನೆ ಮತ್ತೆ ಎಂದಿನಂತಾಯಿತು. ಒಂದು ತಟ್ಟೆ, ಒಂದು ಲೋಟ, ಸಿಂಕಿನ ನಲ್ಲಿಯಿಂದ ಬೀಳುವ ಹನಿ.

ಪಕ್ಕದ ಸೀಟಿನವರು ಬೇಕರಿಯವರು. ಅಪ್ಪ ತೀರಿಕೊಂಡ ವರ್ಷವೇ ಅವರು ಮೊದಲ ಸಲ ಬಂದು ಕೂತದ್ದು. ಅಪ್ಪನ ಜಾಗದಲ್ಲಿ ಯಾರೋ ಕೂತರಲ್ಲ ಎಂದು ಅವಳಿಗೆ ಒಳಗೊಳಗೇ ಸಿಟ್ಟು ಬಂದಿತ್ತು. ಅವಳು ಕಿವಿಗೆ ಏನೂ ತಂದಿಲ್ಲವೆಂದು ನೋಡಿ ಅವರು ಜೇಬಿನಿಂದ ಇನ್ನೊಂದು ಜೊತೆ ಹತ್ತಿಯ ಉಂಡೆ ತೆಗೆದು ಕೊಟ್ಟರು. ಆ ಹತ್ತಿಗೆ ಏಲಕ್ಕಿಯ ಪರಿಮಳ ಅಂಟಿತ್ತು. ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು.

ಮಾತು ಹೆಚ್ಚಿರಲಿಲ್ಲ. ತನಗೆ ಬೇಕರಿ ಇದೆ ಎಂದು ಅವರು ಹೇಳಿದರು, ಟೀಚರ್ ಎಂದು ಇವಳು ಹೇಳಿದಳು. ಯಾವ ಶಾಲೆ ಎಂದು ಅವರು ಕೇಳಲಿಲ್ಲ.

ಮೊದಲ ಕಾರು ತಿರುವಿಗೆ ಬಂದಾಗ ಅವಳು ನೋಡಿದ್ದು ಅವರ ತುಟಿಗಳನ್ನು. ಕಾರುಗಳು ಬರುವುದು ಅವಳ ಕಡೆಯಿಂದ, ಹಾಗಾಗಿ ಅವರ ಮುಖ ಇತ್ತಲೇ ತಿರುಗಿರುತ್ತಿತ್ತು. ಸದ್ದು ಏರುತ್ತಿದ್ದಂತೆ ತುಟಿ ಆಡತೊಡಗಿತು, ಸದ್ದು ಇಳಿದೊಡನೆ ನಿಂತಿತು. ಬೇಕರಿಯಲ್ಲಿ ಹಿಟ್ಟು ಕಲಸುವ ಯಂತ್ರ ಗರಗರ ತಿರುಗುವಾಗ ಅದರೊಡನೆ ಮಾತಾಡಿ ಬೆಳೆದ ಅಭ್ಯಾಸ. ಊರು ಏಳುವ ಮೊದಲೇ ಅವರ ಕೆಲಸ ಶುರು. ಊರು ಹರಟೆಗೆ ಕೂರುವ ಹೊತ್ತಿಗೆ ಅವರಿಗೆ ನಿದ್ದೆ. ಇದನ್ನೆಲ್ಲ ಅವರೇ ಹೇಳಿದ್ದು, ಬೇರೆ ಬೇರೆ ಸುತ್ತುಗಳಲ್ಲಿ, ಸದ್ದಿನ ಮರೆಯಲ್ಲಿ, ಯಾರಿಗೂ ಕೇಳದು ಎಂಬ ಧೈರ್ಯದಲ್ಲಿ.

"ನೋಡಿದೆಯಾ? ನಿನ್ನ ಹಳದಿ ಕಾರು ಇವತ್ತೂ ಹಿಂದೆ." ಆ ವರ್ಷ ಅವರು ಮಾತಾಡುತ್ತಿದ್ದುದು ತೀರಿಹೋದ ಹೆಂಡತಿಯ ಜೊತೆ.

ಟೀಚರ್ ತಟ್ಟನೆ ಮುಖ ತಿರುಗಿಸಿದ್ದಳು. ಬೇರೆಯವರ ಮನೆಯ ಬಾಗಿಲು ತೆರೆದಿದೆ ಎಂದು ಒಳಗೆ ಇಣುಕುವುದೇ? ಮುಂದಿನ ಸುತ್ತಿಗೆ ನೋಡಬಾರದು ಎಂದುಕೊಂಡಳು. ನೋಡಿದಳು. ಅರ್ಧ ಮಾತು ತುಟಿಯಲ್ಲಿ ಸಿಗುತ್ತಿತ್ತು, ಮಿಕ್ಕರ್ಧವನ್ನು ಮನಸ್ಸು ತುಂಬಿಕೊಳ್ಳುತ್ತಿತ್ತು. ಹಾಗೆ ಐದು ವರ್ಷ.

ಮೂರನೇ ವರ್ಷವೋ ಏನೋ, ಮಾತಿನ ದಿಕ್ಕು ಬದಲಾಯಿತು. "ಟೀಚರ್ ಇವತ್ತು ನೀಲಿ ಸೀರೆ ಉಟ್ಟಿದ್ದಾರೆ. ಆ ಟೋಪಿ ಮಾತ್ರ ಚೆನ್ನಾಗಿಲ್ಲ." ಅವಳಿಗೆ ನಗು ತಡೆಯಲಾಗದೆ ಕೆಮ್ಮು ಬಂದಂತೆ ನಟಿಸಬೇಕಾಯಿತು. ಕಾರುಗಳು ದಾಟಿದ ಮೇಲೆ ಅವರು ಗಂಭೀರವಾಗಿ ನೀರಿನ ಬಾಟಲಿ ಮುಂದೆ ಹಿಡಿದಿದ್ದರು. "ಧೂಳು ಜಾಸ್ತಿ, ಅಲ್ವಾ ಟೀಚರ್?"

"ಹೌದು. ಧೂಳೇ."

ಆಗಲೇ ಹೇಳಿಬಿಡಬೇಕಿತ್ತು. ಹೇಳಿದರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ವರ್ಷವಿಡೀ ಕಾದು ಬಂದು ಅವಳು ನೋಡುವುದಾದರೂ ಏನನ್ನು?

ಈ ವರ್ಷ ಅವಳು ಬಂದಾಗ ಸ್ಟ್ಯಾಂಡಿನ ಬೆಂಚುಗಳೆಲ್ಲ ಮಂಜಿಗೆ ಒದ್ದೆಯಾಗಿದ್ದವು. ಅವಳ ಸೀಟು ಮಾತ್ರ ಒಣಗಿತ್ತು. ಪಕ್ಕದವರ ಕರವಸ್ತ್ರ ಹಿಂಡಿದಂತೆ ಮುದುಡಿ ಮೊಣಕಾಲ ಮೇಲಿತ್ತು. ಅವಳು ಕರವಸ್ತ್ರ ನೋಡಿದಳು, ಅವರು ಟ್ರ್ಯಾಕ್ ನೋಡಿದರು.

"ಕೊನೇದಂತಲ್ಲ ಟೀಚರ್."

"ಹೂಂ. ಪೇಪರಿನಲ್ಲಿ ಓದಿದೆ."

ಮುಂದಿನ ವರ್ಷದಿಂದ ರೇಸು ಬೇರೆ ದೇಶಕ್ಕೆ ಹೋಗುತ್ತದೆ. ಇಲ್ಲಿ ಗೋದಾಮುಗಳು ಬರುತ್ತವೆ. ಸ್ಟ್ಯಾಂಡು ಕಳಚುವ ಕೆಲಸ ಮುಂದಿನ ವಾರವೇ ಶುರು. ಸುತ್ತಲಿನವರು ಅದನ್ನೇ ಮಾತಾಡುತ್ತ ಫೋಟೋ ತೆಗೆದುಕೊಳ್ಳುತ್ತಿದ್ದರು. ಇವರಿಬ್ಬರ ಬಳಿ ಒಬ್ಬರದೊಬ್ಬರ ಫೋನ್ ನಂಬರಿರಲಿಲ್ಲ, ವಿಳಾಸವಿರಲಿಲ್ಲ. ಈ ಹಲಗೆ ಕಿತ್ತರೆ ಇಬ್ಬರ ಪರಿಚಯವೂ ಅದರೊಡನೆಯೇ ಹೋಗುತ್ತದೆ.

ರೇಸು ಶುರುವಾಯಿತು. ಸದ್ದು ಎದೆಗೆ ಬಂದು ಗುದ್ದಿತು. ಅವರ ತುಟಿ ಆಡಿತು.

"ಇವತ್ತು ಕೇಳಲೇಬೇಕು."

ಕಾರುಗಳು ಹೋದವು. ಅವರು ಕೇಳಲಿಲ್ಲ. ಗಾಳಿ ಜೋರಿದೆ ಎಂದರು. ಅವಳು ಹೌದೆಂದಳು.

"ಏನಂತ ಕೇಳೋದು? ಈ ವಯಸ್ಸಿಗೆ ನಗ್ತಾರೆ." ಇದು ಮುಂದಿನ ಸುತ್ತಿಗೆ.

ಮತ್ತೊಂದು ಸುತ್ತಿಗೆ ಬರೀ "ದೇವರೇ."

ಅಷ್ಟರಲ್ಲಿ ದೂರದ ತಿರುವಿನಲ್ಲಿ ಯಾವುದೋ ಕಾರು ಜಾರಿ ಮರಳಿಗೆ ನುಗ್ಗಿತು. ಚಾಲಕ ಇಳಿದು ಕೈ ಬೀಸಿದ, ಜನ ಚಪ್ಪಾಳೆ ತಟ್ಟಿದರು. ಎಲ್ಲರ ವೇಗ ತಗ್ಗಿಸಲು ಸೇಫ್ಟಿ ಕಾರು ಹೊರಗೆ ಬಂತು, ಉಳಿದವೆಲ್ಲ ಅದರ ಹಿಂದೆ ಶಾಲೆಯ ಮಕ್ಕಳಂತೆ ಸಾಲಾಗಿ ನಿಧಾನಕ್ಕೆ ಹೊರಟವು. ಸದ್ದು ಕುಗ್ಗಿತು. ಮರೆ ಇಲ್ಲದೆ ಬೇಕರಿಯವರು ಏನು ಮಾಡುವುದೆಂದು ತೋಚದೆ ಕೂತರು. ಬೆರಳ ಸಂದಿಯಲ್ಲಿ ಅಂಟಿದ್ದ ಹಿಟ್ಟು ಕೆರೆದರು. ಕಾಲ ಬಳಿಯಿದ್ದ ಬಟ್ಟೆ ಸುತ್ತಿದ ಎರಡಂತಸ್ತಿನ ಡಬ್ಬಿಯನ್ನು ಒಮ್ಮೆ ಮುಟ್ಟಿ ಬಿಟ್ಟರು. ಆ ಮೌನ ಅವಳಿಗೂ ಮೈಮೇಲೆ ಭಾರ ಹೇರಿದಂತಿತ್ತು. ಮನೆಯಲ್ಲಿ ದಿನವೂ ಇರುವ ಮೌನವೇ ಅದು. ಇಲ್ಲಿಗೂ ಹಿಂಬಾಲಿಸಿ ಬಂದು ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತಿತ್ತು.

ಸೇಫ್ಟಿ ಕಾರು ಒಳಗೆ ಹೋಯಿತು. ಎಂಜಿನ್‌ಗಳು ಒಟ್ಟಿಗೆ ಅರಚಿದವು. ಅವರು ಅವಳ ಕಡೆ ತಿರುಗಿ, ಅವಳನ್ನು ದಾಟಿ ತಿರುವನ್ನು ನೋಡುತ್ತ, ಅವಸರ ಅವಸರವಾಗಿ ಹೇಳಿದರು.

"ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ತಂದಿದ್ದೀನಿ. ಪ್ರತಿ ವರ್ಷ ತರ್ತೀನಿ. ಕೊಡೋದಕ್ಕೆ ಧೈರ್ಯ ಬರಲ್ಲ. ಅರ್ಧ ವಾಪಸ್ ಹೊತ್ಕೊಂಡು ಹೋಗ್ತೀನಿ."

ಕಾರುಗಳು ಹೋದವು. ಟೀಚರ್ ಆ ಡಬ್ಬಿಯನ್ನು ನೋಡಿದಳು. ತಾನು ಪ್ರತಿ ವರ್ಷ ಬ್ಯಾಗಿನೊಳಗೇ ಕೈಯಿಟ್ಟು ಎರಡು ಬಿಸ್ಕತ್ತು ಮುರಿದು ತಿನ್ನುತ್ತಿದ್ದಾಗ ಪಕ್ಕದಲ್ಲೇ ತನ್ನ ಪಾಲಿನ ಊಟ ತಣ್ಣಗಾಗುತ್ತಿತ್ತು. ಹೇಳಿದರೆ ಅವರಿಗೆ ನಾಚಿಕೆ. ಹೇಳದಿದ್ದರೆ ಈ ಡಬ್ಬಿ ಕೊನೆಯ ಸಲವೂ ಹಾಗೇ ಹಿಂದಿರುಗುತ್ತದೆ.

"ಇವತ್ತು ಅರ್ಧ ವಾಪಸ್ ತಗೊಂಡು ಹೋಗಬೇಡಿ," ಅಂದಳು.

ಅವರು ಕಿವಿಯಿಂದ ಹತ್ತಿ ತೆಗೆದರು. "ಏನಂದ್ರಿ?"

ಅವಳು ಹೇಳಿದಳು. ತನ್ನ ಶಾಲೆ ಯಾವುದು, ತನ್ನ ಮಕ್ಕಳು ಮಾತು ಕೇಳುವುದು ಹೇಗೆ, ತಾನು ಅದನ್ನು ಎಷ್ಟು ವರ್ಷದಿಂದ ಕಲಿಸುತ್ತಿದ್ದೇನೆ. ಮಧ್ಯೆ ಒಂದು ಸಲ ಕಾರುಗಳು ಬಂದವು. ಅವು ದಾಟುವವರೆಗೆ ಸುಮ್ಮನಿದ್ದು, ಉಳಿದದ್ದನ್ನೂ ಹೇಳಿದಳು. ಮೊದಲ ವರ್ಷದಿಂದಲೂ ನೋಡಿದ್ದೇನೆ, ನಿಲ್ಲಿಸಬೇಕು ಅನ್ನಿಸಿತು, ಆಗಲಿಲ್ಲ. ಮಧ್ಯೆ ಕಾರುಗಳು ದಾಟಿದ ಆ ಸುತ್ತಿನಲ್ಲಿ ಅವರ ತುಟಿ ಅಲುಗಿರಲಿಲ್ಲ.

ಬೇಕರಿಯವರ ಮುಖ ಕೆಂಪಾಗಿ, ಆಮೇಲೆ ಬಣ್ಣ ಕಳೆದುಕೊಂಡಿತು. ಎದ್ದು ನಿಂತರು. ಏನೋ ಹೇಳಲು ಹೋಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಡಬ್ಬಿ ಎತ್ತಿಕೊಂಡು, ಸಾಲಿನ ಜನರ ಕಾಲು ದಾಟುತ್ತ, ಮೆಟ್ಟಿಲಿಳಿದು ಹೋಗಿಬಿಟ್ಟರು.

ಸೀಟು ಖಾಲಿಯಾಯಿತು.

ಆಮೇಲೆ ಯಾರು ಮುಂದೆ ಹೋದರು, ಯಾರು ಹಿಂದೆ ಬಿದ್ದರು, ಅವಳಿಗೆ ಗೊತ್ತಿಲ್ಲ. ಖಾಲಿ ಸೀಟಿನ ಹಲಗೆಯ ಮೇಲೆ ಅಪ್ಪನಂತೆ ಅಂಗೈ ಊರಿ ಕೂತಳು. ಕಾರು ಬರುವ ಮೊದಲು ಹಲಗೆ ನಡುಗುತ್ತಿತ್ತು, ಹೋದ ಮೇಲೆ ತಣ್ಣಗಾಗುತ್ತಿತ್ತು. ಬಾಯಿಬಿಟ್ಟು ಕೆಡಿಸಿದೆ ಅನ್ನಿಸಿತು. ತಂಗಿಗೆ ಏನು ಹೇಳುವುದು? ಪಕ್ಕದ ಸೀಟು ಅಲ್ಲಾಡಿತು ಕಣೇ ಎನ್ನುವುದೇ?

ರೇಸು ಮುಗಿಯಿತು. ಗೆದ್ದವನಿಗೆ ಜನ ಕೂಗಿದರು, ಬಾವುಟ ಬೀಸಿದರು, ನೆನಪಿಗೆಂದು ಯಾರೋ ಬೆಂಚಿನ ನಂಬರಿನ ತಗಡು ಕಿತ್ತುಕೊಂಡರು. ಸ್ಟ್ಯಾಂಡು ಬರಿದಾಗುತ್ತ ಬಂತು. ಪೇಪರ್ ಲೋಟಗಳು ಮೆಟ್ಟಿಲ ಮೇಲೆ ಉರುಳಾಡಿದವು. ರಬ್ಬರಿನ ವಾಸನೆ ಮಾತ್ರ ಇನ್ನೂ ಗಾಳಿಯಲ್ಲಿತ್ತು. ಅದು ಹೋದ ಮೇಲೆ ಏಳೋಣವೆಂದು ಅವಳು ಕೂತೇ ಇದ್ದಳು.

ಅಂಗೈಯಡಿಯ ಹಲಗೆ ಸಣ್ಣಗೆ ಅದುರಿತು. ಯಾರೋ ಸಾಲಿನ ಆ ತುದಿಯಿಂದ ನಡೆದು ಬರುತ್ತಿದ್ದರು. ಅವಳು ತಲೆಯೆತ್ತಲಿಲ್ಲ.

"ಕೆಳಗೆ ಕಂಬಿ ಹಿಡ್ಕೊಂಡು ನಿಂತಿದ್ದೆ," ಬೇಕರಿಯವರು ಸ್ವಲ್ಪ ಜಾಗ ಬಿಟ್ಟು ಕೂತರು. "ಐದು ವರ್ಷ ಏನೇನು ಒದರಿದೀನಿ ಅಂತ ನೆನಪು ಮಾಡ್ಕೊಳ್ತಿದ್ದೆ. ನಿಮ್ಮ ಟೋಪಿ ಚೆನ್ನಾಗಿಲ್ಲ ಅಂದಿದ್ನಾ?"

"ಎರಡು ಸಲ."

"ಅಯ್ಯೋ."

"ಅದಕ್ಕೇ ಈ ವರ್ಷ ಹಾಕ್ಕೊಂಡು ಬಂದಿಲ್ಲ."

ಅವರು ಆಗಷ್ಟೇ ಅವಳ ತಲೆ ನೋಡಿದರು. ಬೈತಲೆಯ ಬಳಿಯ ನರೆಯನ್ನೂ ನೋಡಿದರು, ನೋಡಿದ್ದು ಗೊತ್ತಾಯಿತೆಂದು ಕಣ್ಣು ಕೆಳಗೆ ಹಾಕಿದರು.

"ಸಿಟ್ಟು ಬಂತಾ?" ಅವಳು ಕೇಳಿದಳು.

"ಮೊದಲು ಬಂತು. ಆಮೇಲೆ..." ಟ್ರ್ಯಾಕಿನ ಕಡೆ ನೋಡಿದರು. ಕೆಲಸದವರು ಆಗಲೇ ಟೈರುಗಳ ಗೋಡೆ ಬಿಚ್ಚುತ್ತಿದ್ದರು. "ನನ್ನವಳು ಹೋದ ಮೇಲೆ ನಾನಾಡಿದ ಒಂದು ಮಾತೂ ಯಾರ ಹತ್ರಾನೂ ಹೋಗಿಲ್ಲ ಅಂದ್ಕೊಂಡಿದ್ದೆ. ಯಾರೋ ಒಬ್ಬರು ಎಲ್ಲಾ ತಗೊಂಡಿದ್ದಾರೆ ಅಂದ್ರೆ... ಕಂಬಿ ಬಿಟ್ಟು ಬಂದೆ."

ಅವಳಿಗೆ ಕಣ್ಣು ಮಂಜಾಯಿತು. ಅದನ್ನು ಧೂಳಿನ ಮೇಲೆ ಹಾಕಲು ಈಗ ಧೂಳೂ ಇರಲಿಲ್ಲ.

"ಅಷ್ಟೆಲ್ಲಾ ಹೇಳಿದ್ದೀರಿ," ಅಂದಳು, "ಬೇಕರಿ ಎಲ್ಲಿದೆ ಅಂತ ಮಾತ್ರ ಒಂದು ಸಲವೂ ಹೇಳಿಲ್ಲ."

"ಗಡಿಯಾರದ ಕಂಬದ ಹಿಂದಿನ ಬೀದಿ. ಹಸಿರು ಬಾಗಿಲು." ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, "ಮುಂದೆ ಮುಚ್ಚಿದ್ರೂ ಹಿಂದೆ ತೆರೆದಿರತ್ತೆ. ಯಂತ್ರ ಓಡ್ತಿರತ್ತೆ. ಕೂಗಿದ್ರೆ ಕೇಳಿಸಲ್ಲ, ಒಳಗೇ ಬಂದುಬಿಡಿ."

"ಬರ್ತೀನಿ."

ಅವರಿಗೆ ಇನ್ನೂ ಏನೋ ಹೇಳಬೇಕಿತ್ತು. ತುಟಿ ಬಿಚ್ಚಿ, ಅವಳು ನೋಡುತ್ತಿದ್ದಾಳೆಂದು ನೆನಪಾಗಿ, ಮುಚ್ಚಿಕೊಂಡರು. ಮೈದಾನದಲ್ಲಿ ಸದ್ದೇ ಇರಲಿಲ್ಲ. ದೂರದಲ್ಲಿ ಯಾರೋ ಪೊರಕೆ ಎಳೆಯುತ್ತಿದ್ದರು, ಅಷ್ಟೆ.

ಅವಳಿಗೆ ಅರ್ಥವಾಯಿತು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. "ಈಗ ನೋಡಲ್ಲ," ಅಂದಳು. "ನಿಮಗೆ ಹೇಗೆ ಬೇಕೋ ಹಾಗೆ ಹೇಳಿ."

ಬಟ್ಟೆಯ ಗಂಟು ಬಿಚ್ಚುವ ಸಪ್ಪಳ. ಮುಚ್ಚಳ ತೆಗೆದ ಸಪ್ಪಳ. ಬೆಣ್ಣೆಯ, ಹುರಿದ ಎಳ್ಳಿನ ಪರಿಮಳ ರಬ್ಬರಿನ ವಾಸನೆಯೊಳಗೆ ಬೆರೆಯಿತು. ಆಮೇಲೆ, ಒಂದು ಮಾತೂ ಆಡದೆ, ಅವರು ಡಬ್ಬಿಯ ಒಂದು ಅಂತಸ್ತನ್ನು ತಂದು ಅವಳ ಅಂಗೈಗಳ ನಡುವೆ ಇಟ್ಟರು.