ಕೆರೆಗೆ ಹೋದ ಹಾಯಿದೋಣಿ

“ನಿನಗೆ ಹತ್ತು ತುಂಬಲಿ ಮಗಾ. ಹಾಯಿ ಏರಿಸಿ, ಚುಕ್ಕಾಣಿ ನಿನ್ನ ಕೈಗೇ ಕೊಡ್ತೇನೆ.”

ಸಾಲಿಹಾಳ ಅಪ್ಪ ಉಸ್ಮಾನ್, ಅವಳ ಬಾಯಲ್ಲಿ ಉಪ್ಪ, ಹೀಗೆ ಹೇಳಿ ಐದು ವರ್ಷವಾಗಿತ್ತು. ಈಗ ಅವಳಿಗೆ ಹತ್ತು ತುಂಬಿ ನಾಲ್ಕು ತಿಂಗಳು. ದೋಣಿಯೂ ಹೊರಟಿತ್ತು. ಆದರೆ ಹೊಳೆಯಲ್ಲಲ್ಲ, ಡೊಂಬಯ್ಯನ ಲಾರಿಯ ಮೇಲೆ.

“ಓ ಬ್ಯಾರಿಗಳೇ, ಮೂಡುಬಿದಿರೆಯಲ್ಲಿ ಸಮುದ್ರ ಬಂದದ್ದುಂಟಾ?” ಬಿ.ಸಿ.ರೋಡಿನಲ್ಲಿ ಯಾರೋ ಕೂಗಿದರು.

ಉಪ್ಪ ದೋಣಿಯ ಒಳಗೆ ಕೂತು, ಉದ್ದದ ಹಾಯಿಮರ ಜಾರದಂತೆ ಹಿಡಿದುಕೊಂಡಿದ್ದರು. ಸಾಲಿಹಾ ಮಡಚಿದ ಹಾಯಿಯ ಮೇಲೆ ಕೂತಿದ್ದಳು. ಲಾರಿ ಹಾರಿದಾಗ ಅವಳೂ ಹಾರುತ್ತಿದ್ದಳು.

ಹೊಳೆಬದಿಯ ಅವರ ಊರು ನರಿಕೊಂಬು. ಅಲ್ಲಿಯವರು ಮೊದಲು ದೋಣಿಯಲ್ಲೇ ಮಂಗಳೂರಿಗೆ ಸಾಮಾನು ಕೊಂಡುಹೋಗುತ್ತಿದ್ದರು. ಲಾರಿಗಳು ಬಂದವು, ದೋಣಿಗಳು ದಡಕ್ಕೆ ಹತ್ತಿದವು. ಡೊಂಬಯ್ಯನ ಲಾರಿಗೆ ಈಗ ಬಿಡುವೇ ಇಲ್ಲ. ಇವತ್ತಿನ ಲೋಡ್ ಮಾತ್ರ ದೋಣಿ.

ಇದೆಲ್ಲ ಮುಂಡಪ್ಪ ಶೆಟ್ಟರ ಆಲೋಚನೆ. ಮೂಡುಬಿದಿರೆಯಲ್ಲಿ ಹೋಟೆಲ್ ಇಟ್ಟಿದ್ದ ಅವರು ಕೆರೆ ಸಮಿತಿಯ ಪ್ರೆಸಿಡೆಂಟ್. ಮಿಜಾರಿನ ದಾರಿಯಲ್ಲಿದ್ದ ದೊಡ್ಡ ಕೆರೆಯ ಹೂಳು ತೆಗೆಸಿದ್ದರು. ಅದರ ಉದ್ಘಾಟನೆಗೆ ಮಂಗಳೂರಿನಿಂದ ಆಫೀಸರು ಬರುತ್ತಾರೆ. ಆಫೀಸರಿಗೆ ಹಾರ ಎಲ್ಲರೂ ಹಾಕುತ್ತಾರೆ. ಕೆರೆಯಲ್ಲಿ ಹಾಯಿದೋಣಿ ಯಾರು ತೋರಿಸಿದ್ದಾರೆ?

“ನಾನೇ ಚುಕ್ಕಾಣಿ ಹಿಡಿಯುವುದು” ಎಂದು ಸಾಲಿಹಾ ಕ್ಲಾಸಿನಲ್ಲಿ ಹೇಳಿದ್ದಳು.

“ಬರೀ ಬುರುಡೆ” ಎಂದಿದ್ದಳು ಪಕ್ಕದಲ್ಲಿ ಕೂರುವ ಕಾಂತಿ.

ಕೆರೆಯ ಪಡುದಡದಲ್ಲಿ ಚಪ್ಪರ ಎದ್ದಿತ್ತು. ಆರು ಜನ ಸೇರಿ ದೋಣಿಯನ್ನು ನೀರಿಗೆ ಇಳಿಸಿದರು. ಉಪ್ಪ ಹಾಯಿಮರ ನಿಲ್ಲಿಸಿದರು.

“ಮೊದಲು ಯಾವ ಹಗ್ಗ?” ಎಂದು ಮಗಳನ್ನು ಕೇಳಿದರು.

“ಹಿಂದಿನದ್ದು. ಆಮೇಲೆ ಎರಡು ಬದಿಯದ್ದು.”

“ಬಿಗಿ ಎಷ್ಟು?”

“ಬೆರಳಲ್ಲಿ ಮೀಟಿದರೆ ಸದ್ದು ಬರಬೇಕು.” ಸಾಲಿಹಾ ಮೀಟಿದಳು. ಸದ್ದು ಬಂತು. ಉಪ್ಪ ಮುಂದಿನ ಹಗ್ಗ ಅವಳ ಕೈಗೆ ಕೊಟ್ಟರು. ಅಂದರೆ ಸರಿಯಾಗಿದೆ ಎಂದು ಅರ್ಥ.

ಹನ್ನೊಂದಕ್ಕೆ ಬರಬೇಕಾಗಿದ್ದ ಆಫೀಸರು ಮೂರು ಗಂಟೆಗೆ ಬಂದರು. ಅಷ್ಟರಲ್ಲಿ ಪಡುಗಾಳಿ ಜೋರಾಗಿ ಬೀಸುತ್ತಿತ್ತು. ಚಪ್ಪರದ ತೋರಣ ಮೂಡು ದಿಕ್ಕಿಗೆ ಹಾರುತ್ತಿತ್ತು.

“ಒಳ್ಳೆ ಗಾಳಿ” ಎಂದರು ಉಪ್ಪ. ದಿನಾ ಮಧ್ಯಾಹ್ನ ಇದೇ ಗಾಳಿಯಲ್ಲಿ ಅವರು ಮಂಗಳೂರಿನಿಂದ ಹೊಳೆಯಲ್ಲಿ ಮೇಲಕ್ಕೆ ಬರುತ್ತಿದ್ದದ್ದು.

ಸಾಲಿಹಾ ದೋಣಿ ಹತ್ತಿ ಚುಕ್ಕಾಣಿಯ ಹತ್ತಿರ ಕೂತಳು. ಆಗ ಶೆಟ್ಟರು ಕೈ ಬೀಸಿದರು.

“ಏ ಹೆಣ್ಣೇ, ಇಳಿ ಇಳಿ. ಚುಕ್ಕಾಣಿ ಆಫೀಸರು ಹಿಡೀತಾರೆ. ಫೋಟೋ ತೆಗೀಲಿಕ್ಕುಂಟು.”

“ಶೆಟ್ರೆ, ಅವಳಿಗೆ ನಾನು...” ಎಂದರು ಉಪ್ಪ.

“ಎಂತ ಮಾರಾಯ, ಒಂದು ರೌಂಡ್. ಆಮೇಲೆ ಸಂಜೆವರೆಗೆ ಅವಳೇ ಬಿಡಲಿ.”

ಉಪ್ಪ ಸಾಲಿಹಾಳ ಮುಖ ನೋಡಲಿಲ್ಲ. ಹಗ್ಗ ನೋಡುತ್ತಾ ಹೇಳಿದರು, “ಸ್ವಲ್ಪ ನಿಲ್ಲು ಮಗಾ. ವಾಪಸ್ ಬಂದ ಮೇಲೆ ನೀನು.”

ಅವಳು ಇಳಿದಳು. ಆಫೀಸರು ಬೂಟು ಕಳಚಿ ಆಚೀಚೆ ನೋಡಿದರು. ಹತ್ತಿರ ಖಾಲಿ ಕೈಯಲ್ಲಿ ಇದ್ದವಳು ಸಾಲಿಹಾ ಒಬ್ಬಳೇ. ಬೂಟು ಅವಳ ಕೈಗೆ ಬಂತು. ತುಂಬಾ ಭಾರವಿತ್ತು.

ಆಗ ಅವಳಿಗೆ ಒಂದು ಸಂಗತಿ ಹೊಳೆಯಿತು.

“ಉಪ್ಪಾ, ಹೊಳೆಯಲ್ಲಿ ಮೇಲೆ ಬರುವಾಗ ಗಾಳಿ, ಕೆಳಗೆ ಹೋಗುವಾಗ ನೀರು. ಕೆರೆಯ ನೀರು ಹರಿಯುವುದಿಲ್ಲವಲ್ಲ. ವಾಪಸ್ ಯಾರು ತರ್ತಾರೆ?”

“ಮೂವತ್ತು ವರ್ಷದಿಂದ ದೋಣಿ ಬಿಡ್ತಾ ಇದ್ದೇನೆ” ಎಂದರು ಉಪ್ಪ. ಅದು ಉತ್ತರವಾಗಿರಲಿಲ್ಲ. ಆದರೆ ಎಲ್ಲರೂ ನಕ್ಕರು.

ಆಫೀಸರ ಹಿಂದೆ ಶೆಟ್ಟರೂ ದೋಣಿ ಹತ್ತಿದರು. ಹಾಯಿ ಏರಿತು, ಹೊಟ್ಟೆ ಉಬ್ಬಿಸಿತು. ಕ್ಯಾಮರಾ ಕ್ಲಿಕ್ ಎಂದಿತು. ದೋಣಿ ಬಾಣದ ಹಾಗೆ ಹೋಯಿತು. ಆಫೀಸರು ಚುಕ್ಕಾಣಿ ಹಿಡಿದು, ಮಂಗಳೂರಿನಿಂದ ತಾವೇ ದೋಣಿ ಬಿಟ್ಟುಕೊಂಡು ಬಂದವರಂತೆ ಕೂತಿದ್ದರು. ಜನ ಚಪ್ಪಾಳೆ ತಟ್ಟಿದರು. ಸಾಲಿಹಾಳ ಕೈಯಲ್ಲಿ ಬೂಟಿತ್ತು, ತಟ್ಟಲು ಆಗಲಿಲ್ಲ.

ದೋಣಿ ಮೂಡುದಡ ಮುಟ್ಟಿತು. ತಿರುಗಿತು. ಅಲ್ಲಿಗೇ ನಿಂತಿತು.

ಉಪ್ಪ ಹಾಯಿಯನ್ನು ಆ ಕಡೆ ಎಳೆದರು, ಈ ಕಡೆ ಎಳೆದರು. ಚಪ್ಪಟೆ ತಳದ ದೋಣಿ ಅಡ್ಡಡ್ಡ ಜಾರಿ ಮತ್ತೆ ಅದೇ ದಡಕ್ಕೆ ಬಂತು. ಉದ್ದದ ಬಿದಿರಿನ ಗಳ ತೆಗೆದು ತಳಕ್ಕೆ ಊರಲು ನೋಡಿದರು. ಹೊಳೆಯಲ್ಲಿ ಆ ಗಳ ಯಾವಾಗಲೂ ಸಾಕಾಗುತ್ತಿತ್ತು. ಆದರೆ ಸಮಿತಿಯವರು ಈ ಸಲ ನಿಜವಾಗಿಯೂ ಕೆಲಸ ಮಾಡಿಸಿದ್ದರು. ಗಳ ಪೂರ್ತಿ ಮುಳುಗಿದರೂ ತಳ ಸಿಗಲಿಲ್ಲ.

“ಎಷ್ಟು ಹೊತ್ತು ಮಾರಾಯ?” ದೋಣಿಯಲ್ಲಿದ್ದ ಶೆಟ್ಟರ ದನಿ ಈಚೆ ದಡದವರೆಗೆ ಕೇಳಿತು. ಉಪ್ಪ ಏನು ಹೇಳಿದರೋ ಕೇಳಲಿಲ್ಲ. ಆಮೇಲೆ ಶೆಟ್ಟರು ಎರಡು ಕೈ ಬಾಯಿಗಿಟ್ಟು ಕೂಗಿದರು, “ಬೂಟು!”

ಸಾಲಿಹಾ ಕೆರೆಯ ಏರಿಯ ಮೇಲೆ ನಡೆದಳು. ಅರ್ಧ ಗಂಟೆ ಬೇಕಾಯಿತು. ದಾರಿಯುದ್ದಕ್ಕೂ ತೆಗೆದು ಹಾಕಿದ ಹೂಳಿನ ರಾಶಿ. ಅವಳ ಕಾಲು ಮೊಣಕಾಲಿನವರೆಗೆ ಕಪ್ಪಾಯಿತು. ಬೂಟು ಮಾತ್ರ ಹೊಳೆಯುತ್ತಿತ್ತು.

ಆಫೀಸರು ಬೂಟು ಹಾಕಿಕೊಂಡು, “ಗುಡ್ ಗರ್ಲ್” ಎಂದು ಬಂದ ದಾರಿಯಲ್ಲೇ ನಡೆದರು. ಹತ್ತು ಹೆಜ್ಜೆಗೆ ಬೂಟೂ ಕಪ್ಪಾಯಿತು. ಶೆಟ್ಟರು ಹಿಂದಿನಿಂದ ಹೂಳು ತೆಗೆದ ಕೆಲಸದ ಬಗ್ಗೆ ವಿವರಿಸುತ್ತಾ ಹೋದರು. ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ದೋಣಿಯ ಹತ್ತಿರ ಉಪ್ಪ, ಸಾಲಿಹಾ ಇಬ್ಬರೇ ಉಳಿದರು.

“ಬೆಳಿಗ್ಗೆ ಮೂಡುಗಾಳಿ ಬರ್ತದೆ” ಎಂದರು ಉಪ್ಪ.

“ಆಚೆ ದಡದಲ್ಲಿ ಡೊಂಬಯ್ಯಣ್ಣ ಬೆಳಿಗ್ಗೆವರೆಗೆ ಕಾಯ್ತಾರಾ?”

“ಕತ್ತಲಾಗುವ ಮೊದಲು ಹೊರಡಬೇಕಂತೆ. ನಾಳೆ ಲೋಡ್ ಉಂಟಂತೆ.”

ಉಪ್ಪ ಹಾಯಿ ಇಳಿಸಿದರು. ದೋಣಿಯ ಮೂತಿಗೆ ಉದ್ದ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಹೆಗಲಿಗೆ ಹಾಕಿಕೊಂಡು ಏರಿ ಹತ್ತಿದರು. ದಡದ ಉದ್ದಕ್ಕೂ ಎಳೆದುಕೊಂಡೇ ಹೋಗಬೇಕು.

“ಕೂತುಕೋ ಮಗಾ. ಎಳೆದರೆ ದೋಣಿ ದಡಕ್ಕೇ ನುಗ್ಗುತ್ತದೆ. ನುಗ್ಗಲಿಕ್ಕೆ ಬಿಡಬೇಡ.”

ಹಗ್ಗ ಬಿಗಿಯಿತು. ದೋಣಿಯ ಮೂತಿ ದಡದ ಕಡೆಗೆ ತಿರುಗಿತು. ಸಾಲಿಹಾ ಚುಕ್ಕಾಣಿಯ ಹಿಡಿಯನ್ನು ನೀರಿನ ಕಡೆಗೆ ಎಳೆದಳು. ದೋಣಿ ಇನ್ನೂ ಜೋರಾಗಿ ದಡಕ್ಕೆ ಹೋಗಿ ಕೆಸರಿಗೆ ಗುದ್ದಿತು.

“ತಿರುಗಾಮುರುಗಾ. ಹಿಡಿಯನ್ನು ದಡಕ್ಕೆ ತಳ್ಳು. ದೋಣಿ ನೀರಿಗೆ ಬರ್ತದೆ.”

ತಳ್ಳಿದಳು. ಬಂತು. ಆದರೆ ಒಂದು ಕ್ಷಣ ಕೈ ಸಡಿಲಿಸಿದರೂ ಮತ್ತೆ ದಡಕ್ಕೇ ಓಡುತ್ತಿತ್ತು. ಎರಡೂ ಕೈ, ಹೊಟ್ಟೆ, ಕಾಲು ಎಲ್ಲ ಕೊಟ್ಟು ಹಿಡಿಯಬೇಕಾಯಿತು. ಗಾಳಿ ಬೆನ್ನಿಗಿದ್ದಾಗ ಚುಕ್ಕಾಣಿ ಹಿಡಿಯಲು ಒಬ್ಬ ಆಫೀಸರು ಸಾಕು ಎಂದು ಅವಳಿಗೆ ಈಗ ಗೊತ್ತಾಯಿತು.

ಏರಿಯ ಮೇಲೆ ಉಪ್ಪ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಕಾಲು ಹೂಳಿನಲ್ಲಿ ಹೂತು, ಎದ್ದು, ಮತ್ತೆ ಹೂತುಹೋಗುತ್ತಿತ್ತು. ಆಚೆ ಚಪ್ಪರದಿಂದ ಯಾರೋ ನಗುವುದು ಕೇಳಿತು. ಉಪ್ಪ ತಲೆ ಎತ್ತಲಿಲ್ಲ.

‘ನಾನು ಮೊದಲೇ ಹೇಳಿದ್ದೆನಲ್ಲ’ ಎಂಬ ಮಾತು ಸಾಲಿಹಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಚುಕ್ಕಾಣಿಯನ್ನು ಇನ್ನಷ್ಟು ಗಟ್ಟಿಯಾಗಿ ತಳ್ಳಿದಳು. ದೋಣಿ ನೇರವಾಯಿತು, ಹಗ್ಗ ತುಸು ಹಗುರಾಯಿತು. ಉಪ್ಪನಿಗೆ ಅದು ಗೊತ್ತಾಯಿತು.

“ಕೈ ನೋಯ್ತದಾ?” ಅವರು ತಿರುಗದೆಯೇ ಕೇಳಿದರು.

“ಇಲ್ಲ ಉಪ್ಪಾ. ನಿಮ್ಮ ಹೆಗಲು?”

“ಇಲ್ಲ.”

ಇಬ್ಬರೂ ಸುಳ್ಳು ಹೇಳಿ ಮುಂದೆ ಹೋದರು.

ಹತ್ತು ತುಂಬಿ ನಾಲ್ಕು ತಿಂಗಳಾದ ಮೇಲೆ ಸಾಲಿಹಾಳ ಕೈಗೆ ಉಪ್ಪ ಚುಕ್ಕಾಣಿ ಕೊಟ್ಟರು. ಹಾಯಿ ಏರಿಸಲಿಲ್ಲ.